ಸಮ ಇಲ್ಲದ ಬಡಿತ

ಅವ್ವಾ,

ಈ ಕಾಗದವನ್ನು ಯಾವ ಊರಿಗೆ ಹಾಕಬೇಕೋ ಗೊತ್ತಿಲ್ಲ, ಆದರೂ ಬರೆಯಲು ಕೂತಿದ್ದೇನೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ, ನಿಧಾನವಾಗಿ ಕೈಗೆ ಬರುತ್ತದೆ. ಅದು ನಿನಗೆ ಗೊತ್ತಿದ್ದದ್ದೇ. ಈ ವರ್ಷ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅಪ್ಪನ ಎದೆಯ ಸಂಗತಿ. ನಿನಗೆ ಹೇಳುವ ತನಕ ಅದು ಪೂರ್ತಿ ನಡೆದ ಹಾಗೆ ನನಗೆ ಅನ್ನಿಸುವುದಿಲ್ಲ.

ಮೊದಲು ನೆನಪಾಗುವುದು ನೀನು ಕಿಟಕಿಯ ಬೆಳಕಿಗೆ ನೂಲು ಹಿಡಿದು ನೋಡುತ್ತಿದ್ದದ್ದು. ನೋಡುತ್ತಿದ್ದದ್ದು ಅಂದರೆ ತಪ್ಪು, ನಿನ್ನ ಕಣ್ಣು ಮುಚ್ಚಿರುತ್ತಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಎಳೆಯನ್ನು ಹರಿಯಬಿಡುತ್ತಿದ್ದೆ. ಎಲ್ಲಾದರೂ ಚೂರು ದಪ್ಪ ಸಿಕ್ಕರೆ ಹುಬ್ಬು ಕೂಡುತ್ತಿತ್ತು. ಆಮೇಲೆ ಲಡಿ ಕಟ್ಟಿ ಅಪ್ಪನ ಮಗ್ಗದ ಪಕ್ಕ ಇಟ್ಟು, ಏನೂ ಕೇಳದೆ ಒಳಗೆ ಹೋಗುತ್ತಿದ್ದೆ. ಅಪ್ಪ ಅದನ್ನು ಎತ್ತಿಕೊಂಡು, ನಿನ್ನ ಹಾಗೆಯೇ ಕಣ್ಣು ಮುಚ್ಚಿ ಸವರಿ, "ಸಮ ಐತಿ" ಅನ್ನುತ್ತಿದ್ದ. ಅಷ್ಟೇ. ಅವನ ಬಾಯಿಂದ ನಿನಗೆ ಬಂದ ಹೊಗಳಿಕೆ ಅದೊಂದೇ. ಪಕ್ಕದ ಮನೆಯ ಗಂಗಕ್ಕ ನಿನ್ನನ್ನು ಕಾಡುತ್ತಿದ್ದಳು: "ನಿನ್ನ ಗಂಡ ಹೆಂಡ್ತಿ ಮಾರಿ ಯಾವತ್ತರ ನೋಡ್ಯಾನೇನಬೇ, ಬರೇ ನೂಲ ನೋಡತಾನ." ನೀನು ಒಲೆಯ ಕಡೆ ಮುಖ ಮಾಡಿ, "ನೂಲ ನೋಡಿದ್ರ ನನ್ನ ನೋಡಿದಂಗ ಬಿಡ" ಅನ್ನುತ್ತಿದ್ದೆ. ನೂಲು ಮಗ್ಗದ ಊರಾದ ಗರಗದಲ್ಲಿ ಹುಟ್ಟಿದ ನಮಗೆ ಸಮ ಅನ್ನುವುದಕ್ಕಿಂತ ದೊಡ್ಡ ಮಾತು ಯಾವುದಿತ್ತು ಹೇಳು?

ನೀನು ಹೋದ ಮಧ್ಯಾಹ್ನವನ್ನೂ ಬರೆಯಬೇಕು. ಆ ವಾರವೆಲ್ಲ ನಿನಗೆ ಸುಸ್ತು. ಬೆನ್ನು ಭಾರ. ಚಳಿಗಾಲದಲ್ಲಿ ಹಣೆಯ ಮೇಲೆ ಬೆವರು. "ಪಿತ್ತ ಆಗೇತಿ, ಒಂದ್ ಲೋಟ ಮಜ್ಜಿಗಿ ಕೊಡ" ಅಂದೆ. ನಾನು ಮಜ್ಜಿಗೆ ತರುವಷ್ಟರಲ್ಲಿ ನೀನು ಚರಕದ ಮುಂದೆ ಗೋಡೆಗೆ ಒರಗಿದ್ದೆ, ಬೆರಳಲ್ಲಿ ಹತ್ತಿಯ ಹಂಜಿಯ ತುಂಡು ಇನ್ನೂ ಇತ್ತು. ಎದೆ ನೋವು ಅಂತ ಒಂದು ಸಲವೂ ಅಂದಿರಲಿಲ್ಲ. ಜನರು ಬಂದು "ಪುಣ್ಯವಂತಿ, ಕುಂತಲ್ಲೇ ಹ್ವಾದ್ಲು" ಅಂದರು. ಅಪ್ಪ ಚರಕದ ಕದಿರಿನ ಮೇಲಿದ್ದ ನೂಲನ್ನು ತಾನೇ ಬಿಚ್ಚಿ ಸುತ್ತಿದ. ಕಣ್ಣು ಮುಚ್ಚಿ ಸವರಿದ. ತುದಿಯ ಹತ್ತಿರ ಬಂದಾಗ ಅವನ ಬೆರಳು ನಿಂತಿತು. ಅವತ್ತು ಅವನು "ಸಮ ಐತಿ" ಅನ್ನಲಿಲ್ಲ. ಆ ನೂಲನ್ನು ಗೋಡೆಯ ಗೂಡಿನಲ್ಲಿಟ್ಟು ಮುಂದೆ ಒಂದು ಡಬ್ಬಿ ಸರಿಸಿದ. ಮಗ್ಗಕ್ಕೆ ಏರಿಸಲೇ ಇಲ್ಲ.

ಕೆರೆಯ ಏರಿಯ ಹುಣಸೆ ಮರ ನಿನಗೆ ನೆನಪಿದೆಯಲ್ಲ? ನೀನು ಹೋದ ಮೇಲೆ ಅಪ್ಪನಿಗೆ ಆ ಮರದ ಮೇಲೆ ಪ್ರೀತಿ ಹುಟ್ಟಿತು. ನೂಲಿನ ಗಂಟು ಹೊತ್ತು ಏರಿ ಹತ್ತುವಾಗ ಪ್ರತಿ ಸಲ ಅಲ್ಲಿ ನಿಂತು ಮೇಲೆ ನೋಡುತ್ತಿದ್ದ. ಕೇಳಿದರೆ, "ಈ ಸಲ ಹುಣಸಿ ಛಲೋ ಹಿಡದೈತಿ" ಅನ್ನುತ್ತಿದ್ದ. ಮರದಲ್ಲಿ ಒಂದು ಕಾಯಿಯೂ ಇರಲಿಲ್ಲ ಅವ್ವಾ. ಅವನು ಉಸಿರಿಗಾಗಿ ನಿಲ್ಲುತ್ತಿದ್ದ. ಮನೆಯಲ್ಲಿ ಉಳಿದವರು ನಾವಿಬ್ಬರೇ. ಅವನೂ ಹಾಗೆಯೇ ಒಂದು ದಿನ, ಒಂದು ಲೋಟ ಮಜ್ಜಿಗೆ ಕೇಳಿ...

ನೂಲುವ ಕೇಂದ್ರದ ಅಂಗಳಕ್ಕೆ ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರಬಾಯಿ ಬಂದದ್ದು ಸುಗ್ಗಿ ಮುಗಿದ ಮೇಲೆ. ಎದೆಯ ತಪಾಸಣೆಯ ಶಿಬಿರ. ಜೊತೆಗೆ ಗೋಪನಕೊಪ್ಪದ ಒಂದು ಹುಡುಗಿ, ಎದೆಗೆ ಕಟ್ಟುವ ಒಂದು ಪಟ್ಟಿ, ಒಂದು ಕಂಪ್ಯೂಟರ್. ಪಟ್ಟಿ ಕಟ್ಟಿಕೊಂಡು ಐದು ನಿಮಿಷ ಸುಮ್ಮನೆ ಮಲಗಬೇಕು. ಎಷ್ಟು ಸಲ ಬಡಿಯಿತು ಅನ್ನುವುದಷ್ಟೇ ಅಲ್ಲ, ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಎಷ್ಟು ಬಿಡುವು ಇತ್ತು ಅನ್ನುವುದನ್ನು ಅದು ಅಳೆಯುತ್ತದೆ. ಬಿಡುವಿನ ಹಿಂದೆ ಬಿಡುವು ಸೇರಿ ಪರದೆಯ ಮೇಲೆ ಒಂದು ಗೆರೆ ಆಗುತ್ತದೆ. ಗಂಗಕ್ಕ ಮಲಗಿಕೊಂಡೇ ಕೇಳಿದಳು: "ಎದ್ಯಾಗ ಏನೇನ್ ಐತಿ ಎಲ್ಲಾ ಕಾಣತೈತೇನ್ರಿ ಇದರಾಗ? ನನ್ನ ಸೊಸಿ ಇಲ್ಲೇ ನಿಂತಾಳ, ಮತ್ತ." ಹುಡುಗಿ ನಕ್ಕು ಪಟ್ಟಿ ಬಿಗಿ ಮಾಡಿದಳು.

ನನ್ನ ಗೆರೆ ಬಂದಾಗ ನಾನು ನಾಚಿ ತಲೆ ತಗ್ಗಿಸಿದೆ. ಏರು, ಇಳಿ, ಮತ್ತೆ ಏರು, ಎಲ್ಲಿಯೂ ಒಂದು ಹದ ಇಲ್ಲ. ನಾನು ಮೊದಲ ಸಲ ತೆಗೆದ ನೂಲನ್ನು ನೋಡಿ ನೀನು "ಇದು ನೂಲಲ್ಲ, ಹಗ್ಗದ ಮರಿ" ಅಂದಿದ್ದೆಯಲ್ಲ, ಹಾಗಿತ್ತು. ಆದರೆ ಹುಡುಗಿ "ಛಲೋ ಐತಿ ನಿಂದು" ಅಂದಳು. ಸಮಾಧಾನಕ್ಕೆ ಅಂದಳು ಅಂದುಕೊಂಡೆ. ಅಷ್ಟರಲ್ಲಿ ನನ್ನನ್ನು ಊಟಕ್ಕೆ ಕರೆಯಲು ಬಂದ ಅಪ್ಪನನ್ನು ಗಂಗಕ್ಕ ಕೈಹಿಡಿದು ಎಳೆದು ಮಲಗಿಸಿದಳು. ಅವನ ಗೆರೆ ಹೇಗೆ ಬಂತು ಗೊತ್ತೇ? ನಿನ್ನ ನೂಲು. ಕಿಟಕಿಯ ಬೆಳಕಿಗೆ ಹಿಡಿದ ನಿನ್ನ ನೂಲಿನ ಹಾಗೆ, ನೆಟ್ಟಗೆ.

"ಕಾಕಾರ, ನಿಮ್ಮ ಬಡಿತದ ಬಿಡುವು ಭಾಳ ಸಮ ಅದಾವ್ರಿ. ಡಾಕ್ಟರ ಬಾಯಾರನ್ನ ಕಂಡ ಹೋಗ್ರಿ" ಎಂದಳು ಹುಡುಗಿ. ಅಪ್ಪ ಮೊದಲ ಮಾತನ್ನಷ್ಟೇ ತೆಗೆದುಕೊಂಡ. "ಎಷ್ಟ್ ಸಮ?" ಅಂದ. "ಗೆರಿ ಹೊಡದಂಗ ಅದಾವ್ರಿ." ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಎದ್ದು ಕೂತ. ಡಾಕ್ಟರಬಾಯಿ ತಾನೇ ಎದ್ದು ಬಂದು, "ಕಾಕಾರ, ಹುಬ್ಬಳ್ಳಿಗೆ ಒಮ್ಮಿ ಬರ್ರಿ, ಇನ್ನೊಂದೆರಡು ತಪಾಸಣಿ ಮಾಡೋಣು" ಅಂದರು. ಅಪ್ಪ ನಗುತ್ತ ಕೈ ಮುಗಿದ. "ಮಗ್ಗದಾಗ ಸಮ ಇದ್ದ ಹಾಸನ್ನ ಯಾರರ ಬಿಚ್ಚತಾರೇನ್ರಿ, ಬಾಯಾರ?" ಅಂದು ಹೊರಟೇಬಿಟ್ಟ. ನಾನು ಡಾಕ್ಟರಬಾಯಿಯ ಮುಖ ನೋಡಿದೆ. ಅದು ಹೊಗಳಿಕೆ ಹೇಳಿದವರ ಮುಖವಾಗಿರಲಿಲ್ಲ.

ಆ ದಿನ ಊರಲ್ಲಿ ಆದದ್ದನ್ನು ನೀನು ಕಂಡಿದ್ದರೆ ನಗುತ್ತಿದ್ದೆಯೋ ಅಳುತ್ತಿದ್ದೆಯೋ. ಚಹಾದಂಗಡಿಯಲ್ಲಿ ನೇಕಾರರೆಲ್ಲ ಅಪ್ಪನ ಬೆನ್ನು ತಟ್ಟಿದರು. "ಎದೀನೂ ನೇದಂಗ ಇಟ್ಟಾನ ನೋಡ್ರಿ" ಅಂದರು. ಒಬ್ಬರಾದರೂ ಅನುಮಾನ ಪಡಲಿಲ್ಲ. ಸಮ ಅನ್ನುವುದು ಕೆಟ್ಟದ್ದಾಗಬಹುದು ಅಂತ ಗರಗದಲ್ಲಿ ಯಾರಿಗೆ ತಾನೇ ಹೊಳೆದೀತು? ಮುಗದದ ಒಕ್ಕಲು ಮನೆ ಸೇರಿದ ಅತ್ತೆ ಸುದ್ದಿ ಕೇಳಿ ಫೋನು ಮಾಡಿ, "ಸಮ ಇದ್ರ ಏನ್ ಆಗ್ತೈತೋ ತಮ್ಮಾ?" ಅಂತ ಕೇಳಿದಳು. ಅಪ್ಪ, "ನೀವು ಹೊಲದಾವ್ರು, ನಿಮಗ ತಿಳಿಯಂಗಿಲ್ಲ ಬಿಡ" ಅಂದ. ಕೇಳಬೇಕಾದ ಪ್ರಶ್ನೆಯನ್ನು ಕೇಳಿದವಳು ಅತ್ತೆ ಒಬ್ಬಳೇ. ಫೋನು ಇಟ್ಟ ಮೇಲೆ ಅಪ್ಪ ನಿನ್ನ ಚರಕದ ಕಡೆ ನೋಡಿ, ಮೆಲ್ಲಗೆ, ತನಗೆ ತಾನೇ ಅನ್ನುವ ಹಾಗೆ, "ಆಕಿ ಇದ್ದಿದ್ರ ಈ ಸುದ್ದಿ ಕೇಳ್ತಿದ್ಲು" ಅಂದ. ಹಾಗಂದವನಿಗೆ ನನ್ನ ಅನುಮಾನ ಹೇಗೆ ಹೇಳಲಿ...

ಸಂಜೆ ಡಾಕ್ಟರಬಾಯಿ ಸಾಮಾನು ಕಟ್ಟುತ್ತಿದ್ದಾಗ ನಾನು ಜೀಪಿನ ಪಕ್ಕ ಹೋಗಿ ನಿಂತೆ. ಪಟ್ಟಿಯ ಪೆಟ್ಟಿಗೆಯನ್ನು ಎತ್ತಿ ಕೊಟ್ಟೆ. ಇನ್ನೊಂದು ಎತ್ತಿ ಕೊಟ್ಟೆ. ಎತ್ತಿ ಕೊಡಲು ಇನ್ನೇನೂ ಉಳಿಯದೆ ಹೋದಾಗ ಅವರೇ, "ಏನರ ಕೇಳೂದಿತ್ತೇನವ್ವ?" ಅಂದರು. "ಸಮ ಇದ್ರ... ಛಲೋ ಅಲ್ಲೇನ್ರಿ?" ಅಂದೆ. ಅವರು ಜೀಪಿನ ಮೆಟ್ಟಿಲ ಮೇಲೆ ಕೂತು ನನ್ನ ಎರಡು ಬೆರಳು ಹಿಡಿದು ನನ್ನದೇ ಮಣಿಕಟ್ಟಿನ ಮೇಲೆ ಇಟ್ಟರು. "ಉಸರ ಒಳಗ ತಗೋ. ಏನ್ ಆಗಾಕತ್ತೈತಿ?" ಬಡಿತಗಳು ಹತ್ತಿರ ಹತ್ತಿರ ಬಂದವು. "ಈಗ ಸಾವಕಾಶ ಬಿಡ." ಅವ್ವಾ, ಬಡಿತಗಳು ದೂರ ದೂರ ಹೋದವು. ಉಸಿರು ಬಿಡುತ್ತಿದ್ದಂತೆ ಎದೆಯೂ ಒಂದು ಹೆಜ್ಜೆ ನಿಧಾನ ಇಟ್ಟಿತು. ನನಗೆ ಏನೋ ರೋಗ ಇದೆ ಅಂತ ಹೆದರಿ ಕೈ ತೆಗೆದೆ. ಅವರು ನಕ್ಕರು. "ಹೆದರಬ್ಯಾಡ. ಅದ ಆರೋಗ್ಯ."

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ನಿನಗೆ ಹೇಳುತ್ತೇನೆ. ಎದೆ ಗಡಿಯಾರ ಅಲ್ಲವಂತೆ. ಅದು ಪ್ರತಿ ಬಡಿತಕ್ಕೂ ಮೈಯನ್ನು ಕೇಳಿಸಿಕೊಳ್ಳುತ್ತದೆ. ಎದ್ದರೆ, ಕೂತರೆ, ಹೆದರಿದರೆ, ಉಸಿರು ತೆಗೆದುಕೊಂಡರೆ, ಬಿಟ್ಟರೆ, ಬಿಡುವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಿಕೊಳ್ಳುತ್ತದೆ. ಮೈಯ ಮಾತನ್ನು ಎದೆಗೆ ಮುಟ್ಟಿಸುವ ನರಗಳಿವೆಯಂತೆ. ವಯಸ್ಸಾದಂತೆ ಆ ಏರಿಳಿತ ಎಲ್ಲರಿಗೂ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಸಕ್ಕರೆ ಕಾಯಿಲೆಯಿಂದಲೋ, ರಕ್ತದೊತ್ತಡದಿಂದಲೋ, ಎದೆಯ ರಕ್ತನಾಳ ಕಿರಿದಾಗಿಯೋ ವಯಸ್ಸಿಗೆ ಮೀರಿ ಕಡಿಮೆಯಾಗಿರಬಹುದು. "ಬಡಿತ ಕಂಡಾಬಟ್ಟೆ ತಪ್ಪಿದ್ರ ಅದೂ ಕೆಟ್ಟ, ಅದು ಬ್ಯಾರೆ ಮಾತು" ಅಂದರು. "ಇದು ರೋಗ ಐತಿ ಅಂತ ಹೇಳೂದಿಲ್ಲವ್ವ. ಇದು ಜರಡಿ. ಕಾಳು ಯಾವುದು, ಕಲ್ಲು ಯಾವುದು ಅಂತ ಆಮ್ಯಾಲೆ ಕೈಯಿಂದ ಆರಿಸಿ ನೋಡಬೇಕು. ನಿಮ್ಮ ಅಪ್ಪಾರು ಜರಡಿ ಮ್ಯಾಲ ಉಳದಾರ. ಅವರನ್ನ ಲಗೂ ಕರಕೊಂಡ ಬಾ."

ಮನೆಗೆ ಬರುವ ದಾರಿಯಲ್ಲಿ ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಮಣಿಕಟ್ಟಿನಿಂದ ಬೆರಳು ತೆಗೆಯಲು ಮನಸ್ಸೇ ಬರಲಿಲ್ಲ. ಹತ್ತಿರ, ಹತ್ತಿರ, ದೂರ, ಇನ್ನೂ ದೂರ. ಇಷ್ಟು ವರ್ಷ ನನ್ನೊಳಗೆ ಇದು ನಡೆಯುತ್ತಲೇ ಇತ್ತೇ? ನಾನು ನಿದ್ದೆ ಮಾಡಿದಾಗಲೂ, ಶಾಲೆ ಬಿಟ್ಟು ಅತ್ತಾಗಲೂ, ನೀನು ಹೋದ ಮಧ್ಯಾಹ್ನ ಮಜ್ಜಿಗೆ ಲೋಟ ಹಿಡಿದು ನಿಂತಾಗಲೂ? ಎದ್ದು ಮನೆಯ ಹತ್ತಿರ ಬಂದಾಗ ಗಂಗಕ್ಕನ ಮೊಮ್ಮಗ ತೊಟ್ಟಿಲಲ್ಲಿ ಮಲಗಿದ್ದ, ಹೋಗಿ ಅವನ ಎದೆಯ ಮೇಲೂ ಬೆರಳಿಟ್ಟೆ. ಅಷ್ಟು ಪುಟ್ಟ ಎದೆ, ಹಕ್ಕಿಯಂತೆ ಬಡಿಯುತ್ತಿತ್ತು. ನನ್ನ ಬೆರಳಿಗೆ ಏನೂ ಲೆಕ್ಕ ಸಿಗಲಿಲ್ಲ. ಆದರೆ ಅದರೊಳಗೂ ಯಾರೋ ಕೂತು ಎಳೆಯನ್ನು ಬಿಡುತ್ತ, ಹಿಡಿಯುತ್ತ ಇದ್ದಾರೆ ಅನ್ನಿಸಿ ಮೈ ಜುಮ್ಮೆಂದಿತು. ಊರಿಗೆ ಊರೇ ಹೀಗೆ ಬಡಿಯುತ್ತಿದೆ, ಯಾರದೂ ಸಮ ಇಲ್ಲ, ಅದಕ್ಕೇ ಎಲ್ಲರೂ ಬದುಕಿದ್ದಾರೆ ಅಂದುಕೊಂಡರೆ... ಆ ಸಂಜೆಯಷ್ಟು ಭಯಭಕ್ತಿ ನನಗೆ ದೇವರ ಗುಡಿಯಲ್ಲೂ ಆಗಿರಲಿಲ್ಲ.

ಅಪ್ಪನಿಗೆ ಹೇಳಲು ಹೋದಾಗ ಮಾತ್ರ ಎಲ್ಲ ಹುಡಿಯಾಯಿತು. ರೊಟ್ಟಿ ಮುರಿಯುತ್ತ ಅವನು, "ನಾಕನೇತ್ತ ಕಲ್ತು ಡಾಕ್ಟರಕಿ ಆದಿ ನೋಡ" ಅಂದ. ಮರುದಿನ ಹೇಳಿದರೆ, "ನಿಮ್ಮವ್ವ ಇಷ್ಟ್ ವರ್ಷ ಸಮ ಮಾಡಾಕ ಸತ್ಲು, ನೀ ಸಮ ಇದ್ದದ್ದು ಕೆಟ್ಟ ಅಂತಿ" ಅಂದ. ಗಂಗಕ್ಕನಿಂದ ಹೇಳಿಸಿದೆ. ಅವಳಿಗೂ ನಂಬಿಕೆ ಇರಲಿಲ್ಲ, ಹೇಳಿದ್ದು ಹೇಳಿದಂತಾಗಲಿಲ್ಲ. ಅವನು ನೂಲಿನ ಗಂಟು ಹೊತ್ತು ಏರಿ ಹತ್ತುವುದನ್ನು ದೂರದಿಂದ ನೋಡುತ್ತಿದ್ದೆ. ಹುಣಸೆ ಮರದ ಕೆಳಗೆ ಈಗ ನಿಲ್ಲುವುದಲ್ಲ, ಕೂರುತ್ತಿದ್ದ.

ನಿನ್ನ ಕೈ ನೆನಪಾದದ್ದು ಆಗ. ನನಗೆ ನೂಲು ಕಲಿಸುವಾಗ ನೀನು ಒಂದು ಮಾತು ಹೇಳುತ್ತಿದ್ದೆ: "ಕೈ ಒಂದ ಥರಾ ಇಟ್ಟಿ ಅಂದ್ರ ನೂಲ್ ಹರದ ಹೋಗತೈತಿ." ನಾನು ನಿನ್ನ ಚರಕವನ್ನು ಗೂಡಿನ ಕೆಳಗಿಂದ ಎಳೆದು, ಅಪ್ಪನ ಮಗ್ಗದ ಎದುರಿಗೇ ಇಟ್ಟುಕೊಂಡು ಕೂತೆ. ಕೈಯನ್ನು ಕಟ್ಟಿಗೆಯಂತೆ ಬಿಗಿ ಮಾಡಿ ಒಂದೇ ಎಳೆತದಲ್ಲಿ ಎಳೆದೆ. ಒಂದು ಗೇಣು ಬಂತು, ಹರಿಯಿತು. ಮತ್ತೆ ಎಳೆದೆ, ಹರಿಯಿತು. ಅಪ್ಪನಿಗೆ ತಡೆಯಲಾಗಲಿಲ್ಲ. "ಬೆರಳ ಸಡ್ಲ ಬಿಡ. ಹಂಜಿ ದಪ್ಪ ಬಂದಲ್ಲೆ ಬಿಡಬೇಕು, ತೆಳ್ಳಗ ಬಂದಲ್ಲೆ ಹಿಡೀಬೇಕು. ಅಷ್ಟೂ ಗೊತ್ತಿಲ್ಲೇನ?" ಅಂದ. "ಅವ್ವನ ಕೈ ಹೆಂಗ ಇರ್ತಿತ್ತಪ್ಪಾ?" ಅಂತ ಕೇಳಿದೆ. ಅಪ್ಪ ಲಾಳಿ ಕೆಳಗಿಟ್ಟ. "ಆಕಿ ಕೈ ಒಂದ ಗಳಿಗಿ ಸುಮ್ಮನ ಇರ್ತಿದ್ದಿಲ್ಲ" ಅಂದ. "ಪ್ರತಿ ಎಳಿಗೂ ಬ್ಯಾರೆ. ಹಂಜಿ ಹೇಳಿದ್ದನ್ನ ಕೈ ಕೇಳ್ತಿತ್ತು."

"ಬಾಯಾರು ಎದಿನೂ ಹಂಗ ಅಂದ್ರು" ಅಂದೆ. ಅದಕ್ಕಿಂತ ಹೆಚ್ಚು ನನ್ನ ಬಾಯಿಗೆ ಬರಲಿಲ್ಲ. ನನ್ನ ಮಣಿಕಟ್ಟನ್ನು ಅವನ ಮುಂದೆ ಹಿಡಿದೆ. ನಿನ್ನ ನೂಲು ಸವರಿದ ಬೆರಳಲ್ಲವೇ ಅದು, ಕಣ್ಣು ಮುಚ್ಚಿಕೊಂಡು ಹಿಡಿದ. ನಾನು ಉಸಿರು ತೆಗೆದುಕೊಂಡೆ, ಬಿಟ್ಟೆ. ತೆಗೆದುಕೊಂಡೆ, ಬಿಟ್ಟೆ. ಅವನ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. ಆಮೇಲೆ ನನ್ನ ಕೈ ಬಿಟ್ಟು ತನ್ನ ಮಣಿಕಟ್ಟನ್ನು ಹಿಡಿದುಕೊಂಡ. ಅವನೂ ಉಸಿರು ತೆಗೆದುಕೊಂಡ, ಬಿಟ್ಟ, ಆದರೆ ಹುಬ್ಬು ಮತ್ತೆ ಮೇಲೆ ಹೋಗಲಿಲ್ಲ. ಹೊರಗೆ ಗಂಗಕ್ಕ ಯಾರನ್ನೋ ಬಯ್ಯುತ್ತಿದ್ದಳು. ಅಪ್ಪ ಕಣ್ಣು ತೆರೆದು, "ಹುಬ್ಬಳ್ಳಿಗೆ ಹೋಗಾಕ ಧಾರವಾಡಕ್ಕ ಮುಂಜಾನೆ ಮೊದಲನೇ ಬಸ್ ಎಷ್ಟಕ್ಕ ಐತಿ?" ಅಂದ.

ಹುಬ್ಬಳ್ಳಿಯ ಆ ದವಾಖಾನೆಯಲ್ಲಿ ಅಪ್ಪ ಕಾಲಡಿ ಓಡುವ ಪಟ್ಟಿಯ ಯಂತ್ರದ ಮೇಲೆ ನಡೆದದ್ದನ್ನು ನೀನು ನೋಡಬೇಕಿತ್ತು. "ಎಷ್ಟ್ ನಡದ್ರೂ ಇಲ್ಲೇ ಅದೇನಿ, ಇದ್ಯಾವ ಊರಿನ ದಾರಿ?" ಅಂದ. ಅಲ್ಲಿದ್ದವರು ನಗುತ್ತಿರುವಾಗಲೇ ಕಾಗದದ ಗೆರೆ ನೋಡಿ ಯಂತ್ರ ನಿಲ್ಲಿಸಿದರು. ರಕ್ತ ನೋಡಿದರು. ಸಕ್ಕರೆ ಕಾಯಿಲೆ, ಎಷ್ಟೋ ವರ್ಷದ್ದು, ನಮಗೆ ಗೊತ್ತೇ ಇರಲಿಲ್ಲ. ಎದೆಯ ಒಂದು ನಾಳ ಬಹಳ ಕಿರಿದಾಗಿತ್ತು. "ನೋವು ಆಗ್ತಿದ್ದಿಲ್ಲೇನ್ರಿ ಕಾಕಾರ?" ಅಂತ ಡಾಕ್ಟರಬಾಯಿ ಕೇಳಿದರು. ಇಲ್ಲ ಅಂದ. ಸಕ್ಕರೆ ನರಗಳನ್ನು ಮಂದ ಮಾಡುತ್ತದಂತೆ. ನೋವನ್ನೂ ಹೇಳುವುದಿಲ್ಲ, ಬಡಿತಕ್ಕೆ ಏರಿಳಿತವನ್ನೂ ಕೊಡುವುದಿಲ್ಲ. ಕೆಲವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಎದೆ ನೋವು ಬಾರದೆ ಬರೀ ಸುಸ್ತು, ಬೆನ್ನು ಭಾರ, ಬೆವರು ಬರುವುದೂ ಉಂಟು ಅಂದರು. ಅಪ್ಪನೂ ನಾನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿನ್ನದೂ ಅದೇ ಆಗಿತ್ತೇ ಅಂತ ಕೇಳಿದೆ. "ನೋಡದನ ಹೇಳಾಕ ಬರೂದಿಲ್ಲವ್ವ" ಅಂದರು. ನಿನ್ನ ಎದೆಯ ಗೆರೆ ಹೇಗಿತ್ತೋ ಅವ್ವಾ. ಯಾರೂ ನೋಡಲಿಲ್ಲ.

ನಾಳದೊಳಗೆ ಇಡುವ ಬಲೆಯ ನಮೂನೆಯನ್ನು ಡಾಕ್ಟರಬಾಯಿ ಅಂಗೈಯಲ್ಲಿ ಹಿಡಿದು ತೋರಿಸಿದರು. ಭತ್ತದ ಕಾಳಿಗಿಂತ ಚೂರು ಉದ್ದ, ಬೆಳ್ಳಗಿನ ತಂತಿಯ ಜಾಳಿಗೆ. ಆ ಹೊತ್ತಿನ ತನಕ ಹೆದರಿ ಕೂತಿದ್ದ ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಹಾಸಿಲ್ಲ ಹೊಕ್ಕಿಲ್ಲ, ಇದ್ಯಾವ ನೇಯ್ಗಿರಿ?" ಅಂದ. "ನೀವ ಹೇಳ್ರಿ ಕಾಕಾರ" ಅಂದರು ಅವರು. ಅಪ್ಪ ಅದನ್ನು ಹಿಂದಕ್ಕೆ ಕೊಡುತ್ತ, "ಛಲೋ ಕೈ ಐತಿ. ಹಾಕ್ರಿ" ಅಂದ. ಹೀಗೆ ನಿನ್ನ ಗಂಡ ನೇಯ್ಗೆಯನ್ನು ಪಾಸು ಮಾಡಿ ಒಳಗೆ ಹೋದ. ಬಾಗಿಲ ಹೊರಗೆ ನಾನು ಮಣಿಕಟ್ಟು ಹಿಡಿದುಕೊಂಡು ಕೂತಿದ್ದೆ. ಅವನು ಕಣ್ಣು ಬಿಟ್ಟು ನನ್ನನ್ನು ಕರೆಯುವ ತನಕ.

ಈಗ ಅವನು ಗುಳಿಗೆ ತಪ್ಪಿಸುವುದಿಲ್ಲ. ಮುಂಜಾನೆ ಏರಿಯ ತನಕ ನಡೆಯುತ್ತಾನೆ. ಹುಣಸೆ ಮರದ ಹತ್ತಿರ ನಿಲ್ಲದೆ ಮುಂದೆ ಹೋಗುತ್ತಾನೆ, ಈ ಸಲ ಮರದ ತುಂಬ ಕಾಯಿ ಇದ್ದರೂ. ಹೋದ ತಿಂಗಳು ಹುಬ್ಬಳ್ಳಿಗೆ ಹೋದಾಗ ಮತ್ತೆ ಪಟ್ಟಿ ಕಟ್ಟಿದರು. ಗೆರೆ ಅಲ್ಲಲ್ಲಿ ಚೂರು ಎದ್ದಿತ್ತು, ಚೂರು ಬಿದ್ದಿತ್ತು. "ಭಾಳೇನಿಲ್ಲ, ಆದ್ರ ಮೊದಲಿನಂಗಿಲ್ಲ" ಅಂದರು ಬಾಯಾರು. ಮುಂದಿನ ಶಿಬಿರಕ್ಕೆ ಕೇಂದ್ರದ ಹೆಂಗಸರನ್ನೆಲ್ಲ ನಾನು ಕರೆದುಕೊಂಡು ಬರುತ್ತೇನೆ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ. ಬೆನ್ನು ಭಾರ, ಸುಸ್ತು, ಪಿತ್ತ ಅನ್ನುವವರನ್ನು ಮೊದಲು. ಮಾತು ಬಾರದಿದ್ದರೆ ಕೈ ಹಿಡಿದು ಎಳೆದು ತರುತ್ತೇನೆ, ಗಂಗಕ್ಕನಿಂದ ಅದನ್ನಾದರೂ ಕಲಿತಿದ್ದೇನೆ.

ನಿನಗೆ ಹೇಳಲೇಬೇಕಾದದ್ದು ಇನ್ನೊಂದಿದೆ. ಹೋದ ಸೋಮವಾರ ಅಪ್ಪ ಗೋಡೆಯ ಗೂಡಿನ ಡಬ್ಬಿ ಸರಿಸಿ ನಿನ್ನ ಕೊನೆಯ ನೂಲನ್ನು ತೆಗೆದ. ಹೆಗಲ ಮೇಲೆ ಹಾಕುವ ಒಂದು ವಸ್ತ್ರ ನೇಯುತ್ತಿದ್ದ, ಅದರ ಅಂಚಿಗೆ ಹೊಕ್ಕಾಗಿ ಅದನ್ನು ಹಾಕಿದ. ಮಗ್ಗದಿಂದ ಇಳಿಸಿ, ಬಾಗಿಲ ಬೆಳಕಿಗೆ ಬಂದು, ಕಣ್ಣು ಮುಚ್ಚಿ ಅಂಚನ್ನು ಸವರಿದ. ನಾನು ಒಲೆಯ ಹತ್ತಿರ, ನೀನು ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ತುದಿಯ ಹತ್ತಿರ ಅವನ ಬೆರಳು ನಿಂತಿತು. ಅಲ್ಲಿ ಒಂದು ಕಡೆ ದಪ್ಪ, ಆಮೇಲೆ ತೆಳ್ಳಗೆ, ಆಮೇಲೆ ಮತ್ತೆ ದಪ್ಪ. ನಿನ್ನ ಕೈ ಕೊನೆಯ ಸಲ ಬಿಟ್ಟು, ಹಿಡಿದು, ಬಿಟ್ಟ ಜಾಗ. ಅಪ್ಪ ಅಲ್ಲಿಯೇ ಹಿಂದೆ ಮುಂದೆ ಸವರುತ್ತಿದ್ದ. ಆಮೇಲೆ ಒಳಗೆ ನಿನಗೆ ಕೇಳಿಸಬೇಕು ಅನ್ನುವಷ್ಟು ಗಟ್ಟಿಯಾಗಿ, ಆಗ "ಸಮ ಐತಿ" ಅನ್ನುತ್ತಿದ್ದ ಅದೇ ದನಿಯಲ್ಲಿ, "ಸಮ ಇಲ್ಲ" ಅಂದ. ಹಾಗಂದು ಆ ವಸ್ತ್ರವನ್ನು ಹೆಗಲ ಮೇಲೆ ಹಾಕಿಕೊಂಡು ಏರಿಯ ಕಡೆ ನಡೆದ.

ನಿನ್ನ ಮಗಳು